ಹಳೆ ಮಿಕ್ಸಿ, ಹೊಸ ಬೋರ್ಡ್

ಐರಿನ್ ಬಾಯಿ ಮಿಕ್ಸಿಯ ಗುಂಡಿ ತಿರುಗಿಸಿದ್ದೇ ತಡ, ಅಡುಗೆಮನೆಯ ಬಲ್ಬು ಮಂಕಾಗಿ ಮತ್ತೆ ಹೊತ್ತಿಕೊಂಡಿತು. ಊಟದ ಮೇಜಿನ ಮೇಲಿದ್ದ ಲಿಡಿಯಾಳ ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಆರಿ ಒಟ್ಟಿಗೆ ಹತ್ತಿದವು. ಲ್ಯಾಪ್‌ಟಾಪಿನ ಪರದೆಯಲ್ಲಿ ಸಾಲುಸಾಲಾಗಿ ಇಳಿಯುತ್ತಿದ್ದ ಅಕ್ಷರಗಳು ಅರ್ಧ ದಾರಿಯಲ್ಲೇ ನಿಂತುಬಿಟ್ಟವು.

"ಸತ್ತಿತಾ ಬಾಯೆ, ನಿನ್ನ ಮೆಶಿನು?" ಮಿಕ್ಸಿ ನಿಲ್ಲಿಸಿ ಐರಿನ್ ಬಾಯಿ ಇಣುಕಿ ನೋಡಿದರು. ಕೈತುಂಬ ಕೊಬ್ಬರಿ, ಕೆಂಪುಮೆಣಸಿನ ಅರೆಪು.

"ಸತ್ತದ್ದಲ್ಲ ಮಾಂಯ್. ಎದ್ದಿದೆ. ಆದರೆ ಮಾತಾಡುವುದಿಲ್ಲ." ಮದುವೆಯಾದಂದಿನಿಂದ ಲಿಡಿಯಾ ಅತ್ತೆಯನ್ನು ಮಾಂಯ್ ಎಂದೇ ಕರೆಯುವುದು.

"ನತಾಶಾನ ಹಾಗೆ. ಶಾಲೆಗೆ ಎಬ್ಬಿಸಿದರೆ ಕಣ್ಣು ಬಿಡ್ತಾಳೆ, ಬಾಯಿ ಬಿಡುವುದಿಲ್ಲ."

ಮೊಮ್ಮಗಳ ಮಾತೆತ್ತಿ ಅತ್ತೆ ನಗುತ್ತ ಒಳಗೆ ಹೋದರು. ಲಿಡಿಯಾ ನಗಲಿಲ್ಲ. ಅವಳು ಪರದೆಯ ಕೊನೆಯ ಸಾಲನ್ನೇ ನೋಡುತ್ತ ಕೂತಳು. ಅತ್ತೆ ಹೇಳಿದ್ದರಲ್ಲಿ ತಮಾಷೆ ಏನೂ ಇರಲಿಲ್ಲ. ಅಕ್ಷರಶಃ ಹಾಗೆಯೇ ಆಗಿತ್ತು.

ಅದು ಮೀನುಗಾರಿಕೆಯ ಬೋಟುಗಳಿಗೆ ಹಾಕುವ ಯಂತ್ರ. ಬೋಟು ಎಲ್ಲಿದೆ ಎಂದು ದಡಕ್ಕೆ ತಿಳಿಸುತ್ತಿರುವುದು ಅದರ ಕೆಲಸ. ಅಪಾಯ ಬಂದರೆ ಒತ್ತಲು ಮೇಲೊಂದು ಕೆಂಪು ಬಟನ್. ಈ ಸಲದ ಹೊಸ ಬೋರ್ಡಿನಲ್ಲಿ ಎರಡು ಚಿಪ್ಪುಗಳಿದ್ದವು. ದೊಡ್ಡದು ಎಲ್ಲ ಲೆಕ್ಕಾಚಾರ ಮಾಡುವಂಥದು. ಸಣ್ಣದು ಬ್ಯಾಟರಿ ಕಾಯುವಂಥದು. ದಡಕ್ಕೆ ಸುದ್ದಿ ಮುಟ್ಟಿಸುವ ರೇಡಿಯೋಗೆ ಕರೆಂಟು ಕೊಡುವುದೂ ಬಿಡುವುದೂ ಅದರ ಕೈಯಲ್ಲಿ. ದೊಡ್ಡ ಚಿಪ್ಪಿನಲ್ಲಿ ಎಲ್ಲಕ್ಕಿಂತ ಮೊದಲು ಎಚ್ಚರಾಗುವ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎನ್ನುತ್ತಾರೆ. ಅದು ಸಣ್ಣ ಚಿಪ್ಪಿನೊಳಗೆ ಕೂತ ಪ್ರೋಗ್ರಾಮನ್ನು, ಎಂದರೆ ಫರ್ಮ್‌ವೇರನ್ನು, ಕೇಳಬೇಕು: ರೇಡಿಯೋ ಹಾಕುತ್ತೀಯಾ ಅಂತ. ಅದು ಹೂಂ ಎನ್ನಬೇಕು. ಆಮೇಲೆ ಉಳಿದದ್ದು. ಆದರೆ ಬೂಟ್‌ಲೋಡರಿಗೆ ಈ ಸಣ್ಣದರ ಭಾಷೆ ಗೊತ್ತಿರಲಿಲ್ಲ. ಆ ಭಾಷೆ ಕಲಿಸುವ ಡ್ರೈವರ್ ಬರೆಯುವುದೇ ಲಿಡಿಯಾಳಿಗೆ ಸಿಕ್ಕಿದ ಕೆಲಸ.

ಬರೆದದ್ದೂ ಆಗಿತ್ತು. ಕೊಡಿಯಾಲ್‌ಬೈಲಿನ ಆಫೀಸಿನಲ್ಲಿ ಅದು ಒಮ್ಮೆಯೂ ತಪ್ಪಲಿಲ್ಲ. ಕಂಕನಾಡಿಯ ಈ ಮನೆಯಲ್ಲಿ ಮಾತ್ರ, ಅದೂ ಮಧ್ಯಾಹ್ನದ ಸಾರಿಗೆ ಅರೆಯುವ ಹೊತ್ತಿಗೆ, ನಿಂತುಬಿಡುತ್ತಿತ್ತು. ಓಣಿಯ ತುದಿಯ ಮನೆ, ಹಳೆ ವಯರಿಂಗ್, ಅದಕ್ಕಿಂತ ಹಳೆಯ ಮಿಕ್ಸಿ. ಮಿಕ್ಸಿ ತಿರುಗಲು ಹೊರಟಾಗ ಕರೆಂಟು ಪೂರ್ತಿ ಹೋಗುವುದಿಲ್ಲ, ಒಮ್ಮೆ ಕುಸಿದು ಏಳುತ್ತದೆ.

ಲಿಡಿಯಾ ಆ ದಿನ ಅತ್ತೆಯ ಕೈಯಲ್ಲಿ ಅರೆದದ್ದನ್ನೇ ಮತ್ತೆ ಮತ್ತೆ ಅರೆಸಿದಳು. ಅರೆಪು ಗಂಧದಷ್ಟು ನುಣ್ಣಗಾಯಿತು. ಸಂಜೆಯ ಹೊತ್ತಿಗೆ ವಿಷಯ ತಿಳಿಯಿತು. ಸ್ವಿಚ್ ಪೂರ್ತಿ ಆರಿಸಿ ಹಾಕಿದರೆ ತೊಂದರೆಯಿಲ್ಲ. ಸಣ್ಣ ಚಿಪ್ಪು ಮೊದಲು ಎದ್ದು, ತಯಾರಾಗಿ, ತಾನೇ ದೊಡ್ಡದನ್ನು ಎಬ್ಬಿಸುತ್ತದೆ. ಕರೆಂಟು ಅರೆಬರೆ ಕುಸಿದಾಗ ಮಾತ್ರ ಎರಡೂ ಒಂದೇ ಸಲಕ್ಕೆ ಬೆಚ್ಚಿಬಿದ್ದು ಏಳುತ್ತವೆ. ಸಣ್ಣದು ಬ್ಯಾಟರಿ ನೋಡುವ ಗಡಿಬಿಡಿಯಲ್ಲಿರುವಾಗಲೇ ದೊಡ್ಡದು ಪ್ರಶ್ನೆ ಕೇಳಿಬಿಡುತ್ತದೆ. ಉತ್ತರ ಬರುವುದಿಲ್ಲ.

ಮಗುವನ್ನು ಎಬ್ಬಿಸುವವರು ಏನು ಮಾಡುತ್ತಾರೆ? ಒಮ್ಮೆ ಕರೆಯುತ್ತಾರೆ. ಕಿಟಕಿಯ ಪರದೆ ಸರಿಸುತ್ತಾರೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ ಕರೆಯುತ್ತಾರೆ. ಲಿಡಿಯಾ ಡ್ರೈವರಿಗೂ ಅದನ್ನೇ ಕಲಿಸಿದಳು. ಕೇಳು, ಉತ್ತರ ಬಂದರೂ ಬಾರದಿದ್ದರೂ ಸ್ವಲ್ಪ ಕಾಯಿ, ಮತ್ತೆ ಕೇಳು. ಎಷ್ಟು ಕೇಳಿದರೂ ಉತ್ತರವಿಲ್ಲ ಎಂದಾದರೆ ಸುಮ್ಮನೆ ಮುಂದೆ ಹೋಗಬೇಡ, ಎಲ್ಲ ಸರಿ ಎನ್ನುವ ಹಸಿರಿನ ಬದಲು ಕೆಂಪು ದೀಪ ಹಚ್ಚಿ ಹೇಳು. ಮರುದಿನ ಐರಿನ್ ಬಾಯಿ ಮಿಕ್ಸಿ ಹಾಕಿದರು. ಬಲ್ಬು ಮಂಕಾಯಿತು. ಬೋರ್ಡು ಬಿದ್ದು ಎದ್ದಿತು, ಕಾಯಿತು, ಕೇಳಿತು, ರೇಡಿಯೋ ಹಾಕಿಕೊಂಡಿತು.

"ಈಗ ಮಾತಾಡಿತಾ?"

"ಮಾತಾಡಿತು ಮಾಂಯ್."

"ಹಾಗಾದರೆ ಊಟಕ್ಕೆ ಮೇಜು ಖಾಲಿ ಮಾಡು."

ಈ ಕೆಲಸದ ಮೇಲೆ ಲಿಡಿಯಾ ಒಂದು ದೊಡ್ಡ ಆಸೆ ಕಟ್ಟಿಕೊಂಡಿದ್ದಳು. ನತಾಶಾ ಹುಟ್ಟಿದಾಗ ಬಿಟ್ಟ ಉದ್ಯೋಗ. ಮಗಳು ಎರಡನೇ ಕ್ಲಾಸಿಗೆ ಬಂದ ಮೇಲೆ ಅದೇ ಕಂಪೆನಿ ಅವಳನ್ನು ಮತ್ತೆ ಕರೆದಿತ್ತು, ಆದರೆ ಗುತ್ತಿಗೆಯ ಮೇಲೆ. ಮಾಲಕ ಗೌರವ್ ಹೋಟೆಲು ನಡೆಸುವ ಮನೆತನದವನು. ಮಾತು ನಯ, ಕೆಲಸ ಗಡಸು. "ಇಷ್ಟು ವರ್ಷ ಮನೆಯಲ್ಲಿದ್ದಿರಿ ಮೇಡಂ. ಈಗಿನದ್ದು ಒಂದು ಮಾಡಿ ತೋರಿಸಿ. ಈ ಡ್ರೈವರ್ ಮುಗಿದು ಬೋಟಿಗೆ ಹೋಗಲಿ, ಆಗಸ್ಟಿನಿಂದ ನೀವು ಖಾಯಂ," ಎಂದಿದ್ದ.

ಆಗಸ್ಟಿಗೆ ಇನ್ನೊಂದು ಗಂಟೂ ಬಿದ್ದಿತ್ತು. ಅವಳ ಗಂಡ ಗೇವಿನ್ ದೋಹಾದಲ್ಲಿದ್ದ. ಅವನ ಎರಡು ವರ್ಷದ ಕರಾರು ಆಗ ಮುಗಿಯುತ್ತಿತ್ತು. "ನೀನು ಖಾಯಂ ಆದರೆ ನಾನು ಸೈನ್ ಹಾಕುವುದಿಲ್ಲ. ಊರಿಗೆ ಬಂದು ಅಲ್ಲೇ ಎಂತದಾದರೂ ನೋಡ್ತೇನೆ," ಎಂದು ಅವನು ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಿದ್ದ. ನತಾಶಾ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಳು. ಅವಳಿಗೆ ಡ್ರೈವರ್ ಎಂದರೆ ಏನೆಂದು ಗೊತ್ತಿರಲಿಲ್ಲ. ಅದು ಮುಗಿದರೆ ಪಪ್ಪ ಬರುತ್ತಾರೆ ಎನ್ನುವುದು ಮಾತ್ರ ಗೊತ್ತಿತ್ತು. ಶಾಲೆಯಿಂದ ಬಂದು ಬ್ಯಾಗು ಇಳಿಸುವ ಮೊದಲೇ ಕೇಳುತ್ತಿದ್ದಳು, "ಮಮ್ಮಿ, ಮುಗಿಯಿತಾ?"

ಕೆಲಸ ಒಪ್ಪಿಸಬೇಕಾದದ್ದು ಶೋಭಿತ್‌ಗೆ. ಕಾಲೇಜು ಮುಗಿಸಿ ಬಂದ ಹೊಸದರಲ್ಲಿ ಅವನು ಲಿಡಿಯಾಳ ಪಕ್ಕದ ಕುರ್ಚಿಯಲ್ಲಿ ಕೂತು ಕಲಿತವನು. ಆಗ ಮಾತಿಗೊಮ್ಮೆ "ಲಿಡಿಯಕ್ಕ" ಎನ್ನುತ್ತಿದ್ದ. ಅವಳ ಬುತ್ತಿಯ ಸಾನ್ನವನ್ನು, ಆ ಮೆತ್ತಗಿನ ಅಕ್ಕಿ ಕಡುಬನ್ನು, ಕೇಳದೆಯೇ ತೆಗೆದು ತಿನ್ನುತ್ತಿದ್ದ. ಈಗ ಅವನೇ ತಂಡದ ಮುಖ್ಯಸ್ಥ. ಇವಳು ವಾಪಸು ಬಂದ ದಿನ ಅವನು ಸ್ವಲ್ಪ ತಡವರಿಸಿ "ಬನ್ನಿ ಮೇಡಂ" ಎಂದಿದ್ದ. ಅಂದಿನಿಂದ ಮೇಡಂ ಮೇಡಂ ಆಗಿಯೇ ಉಳಿಯಿತು.

ಅವರು ಬಳಸುವ ಬೂಟ್‌ಲೋಡರ್ ಕಂಪೆನಿಯ ಸ್ವಂತದ್ದಲ್ಲ. ಅದು ಜಗತ್ತಿನ ಎಲ್ಲೆಲ್ಲಿಯೋ ಇರುವವರು ಸೇರಿ ಬೆಳೆಸುತ್ತಿರುವ, ಯಾರು ಬೇಕಾದರೂ ನೋಡಬಹುದಾದ ಪ್ರೋಗ್ರಾಮು. ಅದಕ್ಕೆ ಹೊಸದೇನಾದರೂ ಸೇರಿಸಿದರೆ ಬರೆದವರ ಹೆಸರು ಅದರೊಂದಿಗೆ ಶಾಶ್ವತವಾಗಿ ನಿಲ್ಲುತ್ತದೆ. ಮುಂದೆ ಯಾವ ಊರಿನ ಯಾವ ಕಂಪೆನಿ ಹುಡುಕಿದರೂ ಸಿಗುವ ಹೆಸರು. ಆದರೆ ಇಲ್ಲಿನ ರೂಢಿಯಂತೆ ಗುತ್ತಿಗೆಯವರು ಬರೆದದ್ದನ್ನು ಮುಖ್ಯಸ್ಥರೇ ಹೊರಗೆ ಕಳಿಸಬೇಕು. "ನಿಮ್ಮ ಹೆಸರಿನಲ್ಲೇ ಕಳಿಸ್ತೇನೆ ಮೇಡಂ, ಅದರಲ್ಲಿ ಎಂತ ಸಂಶಯ?" ಎಂದು ಶೋಭಿತ್ ಹೇಳಿದ್ದ.

ಜೂನಿನಲ್ಲಿ, ಬೋಟುಗಳು ಮಳೆಗಾಲದ ರಜೆಯಲ್ಲಿ ದಡಕ್ಕೆ ಕಟ್ಟಿಕೊಂಡಿದ್ದಾಗ, ಅವರಿಬ್ಬರೂ ಯಂತ್ರ ಎಲ್ಲಿ ಕೂರಿಸುವುದೆಂದು ನೋಡಲು ಬಂದರಿನ ಧಕ್ಕೆಗೆ ಹೋಗಿದ್ದರು. ಉಳ್ಳಾಲದ ನಿಝಾರ್ ಎಂಬಾತ ತಾಂಡೇಲ, ಎಂದರೆ ಬೋಟು ನಡೆಸುವವನು. ಅವನು ತನ್ನ ಬೋಟಿನ ಕ್ಯಾಬಿನ್ ತೋರಿಸಿ, ಎಂಜಿನಿನ ಕೀಲಿ ತಿರುಗಿಸಿದ. ಎಂಜಿನ್ ಏದುಸಿರು ಬಿಟ್ಟು ಎದ್ದಿತು. ಕ್ಯಾಬಿನ್ನಿನ ಬಲ್ಬು ಮಂಕಾಗಿ ಮತ್ತೆ ಹೊತ್ತಿಕೊಂಡಿತು.

"ಹೆದರಬೇಡಿ ಮೇಡಂ. ನಮ್ಮ ಬೋಟು ಮುದುಕಿ. ಏಳುವಾಗ ಇಡೀ ಮನೆಯ ಕರೆಂಟು ಬೇಕು ಅದಕ್ಕೆ," ಎಂದು ನಿಝಾರ್ ನಕ್ಕಿದ್ದ.

ಆ ಮಂಕಾದ ಬಲ್ಬು ಲಿಡಿಯಾಳಿಗೆ ಆಗ ಏನೂ ಹೇಳಲಿಲ್ಲ. ಈಗ ಅತ್ತೆಯ ಮಿಕ್ಸಿ ಹೇಳಿತು.

ಜುಲೈಯಲ್ಲಿ ಬೋಟುಗಳ ಮಾಲಕರಿಗೆ ಯಂತ್ರವನ್ನು ತೋರಿಸುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಆಫೀಸಿನಲ್ಲಿ ಗೌರವ್ ತಾನೇ ಸ್ವಿಚ್ ಹಾಕಿ ನೋಡಿದ. ಎದುರಿಗೆ ಗಾಜಿನ ಗೋಡೆ, ಅದರಾಚೆ ರಸ್ತೆಯ ತುಂಬ ಛತ್ರಿಗಳು, ಬಸ್ಸುಗಳ ಹಾರ್ನು. ಯಂತ್ರದ ಪರದೆ ಕೆಲವು ಕ್ಷಣ ಕಪ್ಪಗಿದ್ದು, ಆಮೇಲೆ ಕಂಪೆನಿಯ ಚಿಹ್ನೆ ಬಂತು.

"ಇದೆಂತ ಕಪ್ಪು? ಹಳೇದರಲ್ಲಿ ಹಾಕಿದ ಕೂಡಲೇ ಬರ್ತಿತ್ತಲ್ಲ."

"ಸರ್, ಅದು ಸಣ್ಣ ಚಿಪ್ಪು ತಯಾರುಂಟಾ ಅಂತ ಕೇಳಿ ಕಾಯುವುದು," ಶೋಭಿತ್ ಹೇಳಿದ. "ಮೇಡಂ ಹಾಕಿದ್ದು."

"ಇಲ್ಲಿ ಅದು ಯಾವಾಗ ತಯಾರಿಲ್ಲ?"

"ಇಲ್ಲಿ ಯಾವಾಗಲೂ ಉಂಟು ಸರ್."

"ಮತ್ತೆ ಯಾಕೆ ಕಾಯುವುದು?"

ಲಿಡಿಯಾ ಹೇಳಿದಳು. ಆಫೀಸಿಗೆ ದೊಡ್ಡ ಯುಪಿಎಸ್ ಇದೆ, ಇಲ್ಲಿ ಕರೆಂಟು ಕುಸಿಯುವುದೇ ಇಲ್ಲ, ಅದಕ್ಕೇ ಇಲ್ಲಿ ತಪ್ಪು ಕಾಣುವುದಿಲ್ಲ ಎಂದಳು. ತನ್ನ ಮನೆಯಲ್ಲಿ ಮಿಕ್ಸಿ ಹಾಕಿದಾಗ ಏನಾಗುತ್ತದೆ ಎನ್ನುವುದನ್ನೂ ಹೇಳಿದಳು. ಮಿಕ್ಸಿ ಎಂದೊಡನೆ ಯಾರೋ ಹಿಂದಿನಿಂದ ಸಣ್ಣಗೆ ಕೆಮ್ಮಿದರು. ಗೌರವ್ ಮುಗುಳ್ನಕ್ಕ.

"ಮೇಡಂ, ನಾವು ಬೋಟಿಗೆ ಮೆಶಿನ್ ಮಾಡುವುದು. ಅಡುಗೆಮನೆಗೆ ಅಲ್ಲ."

"ಬೋಟಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಅದೇ ಆಗುವುದು ಸರ್. ನಾನು ನೋಡಿದ್ದೇನೆ, ಬಲ್ಬು ಮಂಕಾಗ್ತದೆ. ಕಡಲಲ್ಲಿ ಎಂಜಿನ್ ಕೆಟ್ಟರೆ ಅವರು ಮೊದಲು ಎಂತ ಮಾಡ್ತಾರೆ? ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ನೋಡ್ತಾರೆ. ಅಷ್ಟು ಸಲವೂ ಕರೆಂಟು ಕುಸಿಯುತ್ತದೆ. ಆಮೇಲೆ ನಮ್ಮ ಬಟನ್ ಒತ್ತುತ್ತಾರೆ. ಅಷ್ಟು ಹೊತ್ತಿಗೆ ರೇಡಿಯೋ ಮಲಗಿರ್ತದೆ, ಮೇಲೆ ಹಸಿರು ದೀಪ ಮಾತ್ರ ಹತ್ತಿರ್ತದೆ."

ಶೋಭಿತ್ ಬೋರ್ಡಿನ ರೀಸೆಟ್ ಗುಂಡಿ ಒತ್ತಿದ. ಸರಿಯಾಗಿ ಎದ್ದಿತು. ಇನ್ನೊಮ್ಮೆ ಒತ್ತಿದ. ಸ್ವಿಚ್ ಆರಿಸಿ ಹಾಕಿದ. ಪ್ರತಿ ಸಲವೂ ಸರಿಯಾಗಿ ಎದ್ದಿತು. ಆ ಗುಂಡಿ ಎಬ್ಬಿಸುವುದು ದೊಡ್ಡ ಚಿಪ್ಪನ್ನು ಮಾತ್ರ, ಸಣ್ಣದಕ್ಕೆ ಅದು ತಾಗುವುದೇ ಇಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತುತ್ತಲೇ ಇದ್ದ.

"ನೋಡಿ, ಎಲ್ಲಿ ತಪ್ಪುತ್ತದೆ?" ಗೌರವ್ ಎದ್ದು ನಿಂತ. "ಎಂಜಿನ್ ಕೆಟ್ಟ ಬೋಟಿನ ಕಥೆ ನಾಳೆ ಗಿರಾಕಿಗಳ ಎದುರು ಬೇಡ. ಆ ಕೆಂಪು ದೀಪವೂ ಬೇಡ. ಶೋಭಿತ್, ಅದನ್ನು ತೆಗೆದುಬಿಡು."

ಹೊರಗೆ ಪಡಸಾಲೆಯಲ್ಲಿ ಲಿಡಿಯಾ ಶೋಭಿತ್‌ನನ್ನು ನಿಲ್ಲಿಸಿದಳು.

"ನಿನಗೆ ಗೊತ್ತುಂಟು ಶೋಭಿತ್."

"ಗೊತ್ತುಂಟು ಮೇಡಂ. ಆದರೆ ನಾಳೆಯದ್ದು ಒಂದು ಕಳೆಯಲಿ. ಆಮೇಲೆ ಮೆಲ್ಲ ಸೇರಿಸುವ."

"ಆಮೇಲೆ ಅಂದರೆ ಬೋಟುಗಳು ಕಡಲಿಗೆ ಹೋದ ಮೇಲಾ?"

"ನೀವು ಯಾಕೆ ಇಷ್ಟು ಹಟ ಹಿಡಿಯುವುದು ಮಾರಾಯ್ರೆ? ಒಂದು ತಿಂಗಳು ಸುಮ್ಮನಿದ್ದರೆ ಖಾಯಂ ಆಗ್ತೀರಿ. ಇದರಲ್ಲಿ ನಿಮಗೆ ಹೋಗುವುದು ಎಂತ?"

ಅವನು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಅದೇ ಅವಳನ್ನು ಹೆಚ್ಚು ನೋಯಿಸಿತು. ನಿಝಾರನ ನಗು ನೆನಪಾಯಿತು. ಗೇವಿನ್ ನೆನಪಾದ. ಬ್ಯಾಗು ಇಳಿಸದೆ ಕೇಳುವ ನತಾಶಾ ನೆನಪಾದಳು. ಬಾಯಿಯಿಂದ ಬಂದದ್ದು ಮಾತ್ರ ಬೇರೆ.

"ಕಾಯುವುದನ್ನು ತೆಗೆಯುವುದಾದರೆ ನನ್ನ ಹೆಸರನ್ನೂ ತೆಗೆ. ನಾನು ಬರೆದದ್ದು ಅದಲ್ಲ."

ಹಾಗೆ ಹೇಳಿದರೆ ಅವನು ಹಿಂಜರಿಯುತ್ತಾನೆ, ಒಳಗೆ ಹೋಗಿ ಇನ್ನೊಂದು ಸಲ ಮಾತಾಡುತ್ತಾನೆ ಎಂದುಕೊಂಡಿದ್ದಳು. ತನ್ನ ಬುತ್ತಿಯಿಂದ ತಿಂದವನು, ಅಷ್ಟಾದರೂ ಮಾಡುತ್ತಾನೆ ಎಂದುಕೊಂಡಿದ್ದಳು. ಶೋಭಿತ್ ಎರಡನ್ನೂ ತೆಗೆದ.

ಬೋಟು ಮಾಲಕರಿಗೆ ತೋರಿಸುವ ಕಾರ್ಯಕ್ರಮ ಚೆನ್ನಾಗಿಯೇ ಆಯಿತಂತೆ. ಚಿಹ್ನೆ ಕಣ್ಣು ಮಿಟುಕಿಸುವುದರೊಳಗೆ ಬಂತಂತೆ. ತಿಂಗಳ ಕೊನೆಗೆ ಗೌರವ್ ಅವಳನ್ನು ಕರೆದು ಕಾಫಿ ತರಿಸಿದ. "ನಿಮ್ಮ ಬುದ್ಧಿಯ ಬಗ್ಗೆ ಎರಡು ಮಾತಿಲ್ಲ ಮೇಡಂ. ಆದರೆ ತಂಡ ಅಂದ ಮೇಲೆ ಹೊಂದಿಕೊಂಡು ಹೋಗಬೇಕು. ಮನೆ, ಮಗು ಎಲ್ಲ ಉಂಟಲ್ಲ ನಿಮಗೆ, ಸ್ವಲ್ಪ ಸಮಯ ಅದನ್ನೇ ನೋಡಿಕೊಳ್ಳಿ. ಮುಂದೆ ಕೆಲಸ ಇದ್ದರೆ ಖಂಡಿತ ಕರೆಯುತ್ತೇವೆ."

ಅವಳು ಕಾಫಿ ಮುಟ್ಟದೆ ಎದ್ದು ಬಂದಳು. ಮನೆಗೆ ಬಂದು ಬೋರ್ಡನ್ನು ಅದರ ಡಬ್ಬಿಗೆ ತುಂಬಿ, ವಯರು ಸುತ್ತಿ, ಆಫೀಸಿಗೆ ವಾಪಸು ಕಳಿಸಿಕೊಟ್ಟಳು. ಊಟದ ಮೇಜಿನ ಮೇಲೆ ಅದಿದ್ದ ಜಾಗ ಸ್ವಲ್ಪ ಬಿಳುಪಾಗಿ ಕಾಣುತ್ತಿತ್ತು. ಅದರ ಮೇಲೆ ಐರಿನ್ ಬಾಯಿ ಬಾಳೆಹಣ್ಣಿನ ಬುಟ್ಟಿ ಇಟ್ಟರು. ಆ ಭಾನುವಾರ ಗೇವಿನ್ ಫೋನಿನಲ್ಲಿ ಮೊದಲು ಊರಿನ ಮಳೆ, ಮಗಳ ಶಾಲೆ ಎಲ್ಲ ವಿಚಾರಿಸಿದ.

"ಹೋಗಲಿ ಬಿಡು. ಸೈನ್ ಹಾಕಿದೆ," ಎಂದ ಕೊನೆಗೆ. "ಎರಡು ವರ್ಷ ಹೇಗೂ ಹೋಗ್ತದೆ."

"ನಾನು ಸುಮ್ಮನಿರಬೇಕಿತ್ತಾ?"

"ನೀನು ಸುಮ್ಮನಿರುವವಳಾಗಿದ್ದರೆ ನಾನು ಮದುವೆ ಆಗ್ತಿದ್ದೆನಾ?" ಎಂದು ಅವನು ನಕ್ಕ. ನಗು ಮುಗಿದ ಮೇಲೂ ಫೋನನ್ನು ಇಡಲಿಲ್ಲ.

ನತಾಶಾಳಿಗೆ ಹೇಳುವುದೇ ಕಷ್ಟವಾಯಿತು. "ಮುಗಿಯಿತು ಅಂದಿದ್ದಿಯಲ್ಲ ಮಮ್ಮಿ," ಎಂದಳು. ಮುಗಿದದ್ದು ಹೌದು, ಆದರೆ ಅವರಿಗೆ ಬೇಡವಾಯಿತು ಎಂದು ಲಿಡಿಯಾ ಹೇಳಿದಳು. ಮಗು ಸ್ವಲ್ಪ ಯೋಚಿಸಿ ಕೇಳಿತು, "ನೀನು ಚಂದ ಮಾಡಿ ಬರೆಯಲಿಲ್ಲವಾ?"

ಲಿಡಿಯಾ ಅವಳ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಂತಿತು. ಸಿಕ್ಕು ಬಿಡಿಸಿ ಮತ್ತೆ ಬಾಚಿದಳು.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ತಿಂಗಳು ಮುಗಿಯುವ ಮೊದಲೇ ಒಂದು ಬೋಟು ಸಮಯಕ್ಕೆ ಹಿಂದೆ ಬರಲಿಲ್ಲ ಎಂಬ ಸುದ್ದಿ ಕಂಕನಾಡಿಯ ಮೀನು ಮಾರ್ಕೆಟಿನಲ್ಲಿ ಲಿಡಿಯಾಳ ಕಿವಿಗೆ ಬಿತ್ತು. ಯಾರದು ಎಂದು ಕೇಳಿದಳು. ಉಳ್ಳಾಲದ ನಿಝಾರನದು ಎಂದರು. ಅವಳು ಬಂಗುಡೆ ತೂಗಿಸಿದ್ದನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಐರಿನ್ ಬಾಯಿ ಏನೂ ಕೇಳದೆ ಜಪಸರ ತೆಗೆದುಕೊಂಡು ಅವಳ ಪಕ್ಕ ಬಂದು ಕೂತರು.

ಮರುದಿನ ಬೇರೊಂದು ಬೋಟಿನವರು ಎಂಜಿನ್ ಕೆಟ್ಟು ತೇಲುತ್ತಿದ್ದ ಅವರನ್ನು ಕಂಡು ಹಗ್ಗ ಕಟ್ಟಿ ಎಳೆದು ತಂದರು. ಎಲ್ಲರೂ ಬದುಕಿದ್ದರು. ಒಬ್ಬನ ಕಾಲು ಮುರಿದಿತ್ತು; ಇಡೀ ದಿನ ಅಲೆಯಲ್ಲಿ ಅಲುಗಾಡಿ ಮೂಳೆ ಎಲ್ಲಿಂದೆಲ್ಲಿಗೋ ಸರಿದಿತ್ತು. ಅವನು ಮತ್ತೆ ಬೋಟಿಗೆ ಹತ್ತುವುದು ಸಂಶಯ ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಲಿಡಿಯಾ ಅವನನ್ನು ನೋಡಲು ಹೋದಳು. ವಾರ್ಡಿನ ಹೊರಗೆ ಬೆಂಚಿನ ಮೇಲೆ ನಿಝಾರ್ ಕೂತಿದ್ದ. ಅವಳನ್ನು ಗುರುತಿಸಿದ. ಎದ್ದು ನಿಲ್ಲಲಿಲ್ಲ.

"ಬಟನ್ ಒತ್ತಿ ಒತ್ತಿ ಹೆಬ್ಬೆರಳು ಬಾತು ಹೋಗಿದೆ ಮೇಡಂ," ಎಂದ. "ಹಸಿರು ಲೈಟು ಉಂಟಲ್ಲ, ಕೇಳಿಸ್ತಾ ಉಂಟು ಅವರಿಗೆ, ಈಗ ಬರ್ತಾರೆ ಅಂತ ನಾನೇ ಎಲ್ಲರಿಗೂ ಹೇಳಿದ್ದು. ಲೈಟು ಇಲ್ಲದಿದ್ದರೆ ಬೇರೆ ಎಂತದಾದರೂ ಮಾಡ್ತಿದ್ದೆವು. ಬಟ್ಟೆಯಾದರೂ ಸುಡ್ತಿದ್ದೆವು."

"ಅದು ನಾನು..." ಎಂದು ಲಿಡಿಯಾ ಶುರುಮಾಡಿದಳು. ತಾನು ಬರೆದದ್ದಲ್ಲ ಎನ್ನಬೇಕೋ, ತಾನು ಬರೆದದ್ದನ್ನು ತೆಗೆದರು ಎನ್ನಬೇಕೋ. ಬಾತ ಹೆಬ್ಬೆರಳಿನ ಮುಂದೆ ಎರಡೂ ಒಂದೇ ಎನಿಸಿತು. ತಂದಿದ್ದ ಕಿತ್ತಳೆ ಹಣ್ಣುಗಳನ್ನು ಬೆಂಚಿನ ಮೇಲಿಟ್ಟು ಬಂದಳು.

ಮರುದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ಶೋಭಿತ್, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಬೋರ್ಡಿನ ಡಬ್ಬಿ. ಮೆಟ್ಟಿಲು ಹತ್ತುತ್ತಲೇ ಹೇಳಿದ, "ಲಿಡಿಯಕ್ಕ, ಒಂದು ಸಲ ಮಿಕ್ಸಿ ಹಾಕಿ ತೋರಿಸ್ತೀರಾ?"

ಎಷ್ಟೋ ವರ್ಷಗಳ ಮೇಲೆ ಕೇಳಿದ ಅಕ್ಕ. ಲಿಡಿಯಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಐರಿನ್ ಬಾಯಿ ಮುಖ ಊದಿಸಿಕೊಂಡೇ ಮಿಕ್ಸಿಗೆ ಕೊಬ್ಬರಿ ಹಾಕಿದರು. "ಮೊದಲು ಬರಬೇಕಿತ್ತು ನೀನು. ಆಗ ಚಟ್ನಿಯೂ ಕೊಡ್ತಿದ್ದೆ," ಎಂದರು. ಗುಂಡಿ ತಿರುಗಿತು, ಬಲ್ಬು ಮಂಕಾಯಿತು, ಬೋರ್ಡು ಬಿದ್ದು ಎದ್ದು ನಿಂತುಬಿಟ್ಟಿತು. ಹಸಿರು ದೀಪ ಚೆಂದವಾಗಿ ಉರಿಯುತ್ತಿತ್ತು. ಶೋಭಿತ್ ಅದನ್ನೇ ನೋಡುತ್ತ ನಿಂತ.

"ಇನ್ನೊಮ್ಮೆ ಹಾಕಲಾ?" ಐರಿನ್ ಬಾಯಿ ಕೇಳಿದರು.

"ಬೇಡ ಆಂಟಿ. ಸಾಕು."

ಅವನು ತೆಗೆದುಹಾಕಿದ ಸಾಲುಗಳನ್ನು ಅವನೇ ಹಳೆಯ ಪ್ರತಿಯಿಂದ ಹುಡುಕಿಕೊಳ್ಳಬಹುದಿತ್ತು. ಆದರೆ ಎಷ್ಟು ಕಾಯಬೇಕು, ಎಷ್ಟು ಸಲ ಕೇಳಬೇಕು, ಬ್ಯಾಟರಿ ಇಳಿದಿದ್ದರೆ ಸಣ್ಣ ಚಿಪ್ಪು ಏಳಲು ಇನ್ನೂ ತಡಮಾಡುತ್ತದಲ್ಲ, ಆಗ ಏನು ಮಾಡಬೇಕು ಎನ್ನುವುದೆಲ್ಲ ಲಿಡಿಯಾಳಿಗೇ ಗೊತ್ತಿದ್ದದ್ದು. ಕಡಲಲ್ಲಿ ಇನ್ನೂ ಅದೇ ಯಂತ್ರ ಹೊತ್ತ ಬೋಟುಗಳಿದ್ದವು. ಅವಳು ಅನ್ನದ ನೀರು ಕುದಿಯುವುದರೊಳಗೆ ಅವನ ಪಕ್ಕ ಕೂತು ಎಲ್ಲ ತಿದ್ದಿಕೊಟ್ಟಳು. ಹಿಂದೆ ಕಲಿಸುತ್ತಿದ್ದ ಹಾಗೆಯೇ, ಪ್ರತಿ ಸಾಲು ಯಾಕೆ ಎಂದು ಹೇಳಿಕೊಟ್ಟಳು. ಅವನು ತಲೆಯಾಡಿಸಿದ.

ಹೊರಡುವಾಗ ಮೆಟ್ಟಿಲ ಬಳಿ ನಿಂತು, "ಈ ಸಲ ನಿಮ್ಮ ಹೆಸರಲ್ಲೇ ಹೋಗ್ತದೆ ಅಕ್ಕ. ಖಾಯಮ್ಮಿನ ವಿಷಯವೂ ಸರ್ ಹತ್ರ ನಾನೇ ಮಾತಾಡ್ತೇನೆ," ಎಂದ. ಅವನ ಕಣ್ಣು ತುಂಬಿತ್ತು. ಲಿಡಿಯಾ ನಂಬಿದಳು.

ಸೆಪ್ಟೆಂಬರಿನಲ್ಲಿ, ಮೊಂತಿ ಹಬ್ಬದ ಹೊಸ ತೆನೆ ದೇವರ ಮುಂದೆ ಇನ್ನೂ ಹಸಿಯಾಗಿದ್ದಾಗ, ಡ್ರೈವರ್ ಆ ಬೂಟ್‌ಲೋಡರಿಗೆ ಸೇರಿತು. ಅದು ಎಲ್ಲರಿಗೂ ಕಾಣುವಂಥದು; ಲಿಡಿಯಾ ಸಾರು ಕೈಯಾಡಿಸುತ್ತ ಮೊಬೈಲಿನಲ್ಲಿ ತೆರೆದು ನೋಡಿದಳು. ತನ್ನದೇ ಸಾಲುಗಳು. ಕೇಳು, ಕಾಯಿ, ಮತ್ತೆ ಕೇಳು. ಕೆಂಪು ದೀಪವೂ ಇತ್ತು. ಮೇಲೆ ಶೋಭಿತ್‌ನ ಹೆಸರು. ಯಾಕೆ ಕಾಯಬೇಕು ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ವಾಕ್ಯದ ವಿವರಣೆ: ಕಳಪೆ ವಿದ್ಯುತ್ತಿರುವ ಪರಿಸರದಲ್ಲಿ ಪರೀಕ್ಷಿಸಿದಾಗ ಈ ತೊಂದರೆ ಕಂಡುಬಂತು.

ಅವಳು ಅದನ್ನು ಎರಡು ಸಲ ಓದಿದಳು. ಕಳಪೆ ವಿದ್ಯುತ್ತಿರುವ ಪರಿಸರ. ಸುತ್ತ ಕಣ್ಣು ಹಾಯಿಸಿದಳು. ಅತ್ತೆಯ ಮಿಕ್ಸಿ, ಎಣ್ಣೆ ಜಿಡ್ಡಿನ ಬಲ್ಬು, ನತಾಶಾಳ ಹೋಂವರ್ಕಿನ ಪೆನ್ಸಿಲು, ಬಾಳೆಹಣ್ಣಿನ ಬುಟ್ಟಿ. ಇಷ್ಟೂ ಸೇರಿ ಅದಾಗಿತ್ತು. ಅದರೊಳಗೊಬ್ಬಳು ಹೆಂಗಸೂ ಇದ್ದಳೆಂದು ಅದನ್ನು ಓದುವ ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ.

ಶೋಭಿತ್‌ಗೆ ಫೋನ್ ಮಾಡಿದಳು. ಅವನು ತಡೆದು ತಡೆದು ಹೇಳಿದ. ಸರ್ ಒಪ್ಪಲಿಲ್ಲವಂತೆ. ಸೇರಿಸಿದ ದಿನ ಅವಳು ಕಂಪೆನಿಯಲ್ಲಿ ಇರಲಿಲ್ಲವಲ್ಲ ಎಂದರಂತೆ. ಮೊದಲಿನದ್ದರಿಂದ ಹೆಸರು ತೆಗೆಯಲು ಅವಳೇ ಹೇಳಿದ್ದಲ್ಲವಾ ಎಂದೂ ಕೇಳಿದರಂತೆ. "ಆದರೆ ನಾನು ತುಂಬ ಹೇಳಿದೆ ಅಕ್ಕ. ಕಂಪೆನಿಯಿಂದ ನಿಮಗೆ ಎಂತದಾದರೂ ಕೊಡಲೇಬೇಕು ಅಂತ ಸರ್‌ಗೆ ಹೇಳಿದ್ದೇನೆ."

ಆ ಎಂತದಾದರೂ ಎನ್ನುವುದು ವಾರದೊಳಗೆ ಮನೆಗೆ ಬಂತು. ದೊಡ್ಡ ಪೆಟ್ಟಿಗೆ, ಮೇಲೆ ಕಂಪೆನಿಯ ಶುಭಾಶಯದ ಕಾರ್ಡು. ಒಳಗೆ ಹೊಸ ಮಿಕ್ಸಿ.

ಐರಿನ್ ಬಾಯಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. "ನನ್ನ ಮಗನನ್ನು ದೋಹಾದಲ್ಲೇ ಉಳಿಸಿದರು. ಮಿಕ್ಸಿ ಕಳಿಸಿದರು," ಎಂದಷ್ಟೇ ಹೇಳಿದರು. ಆದರೂ ಬಂದ ವಸ್ತುವನ್ನು ಎಸೆಯುವ ಜಾಯಮಾನ ಅವರದಲ್ಲ. ಮರುದಿನ ಹೊಸದನ್ನೇ ಹಾಕಿ ನೋಡಿದರು. ಅದು ಮೆಲ್ಲಗೆ ಶುರುವಾಗಿ ಮೆಲ್ಲಗೆ ವೇಗ ಹಿಡಿಯುವಂಥದು. ಬಲ್ಬು ಅಲುಗಲಿಲ್ಲ.

ಹೀಗೆ ಡಿಸೆಂಬರ್ ಬಂತು. ಕ್ರಿಸ್‌ಮಸ್ಸಿನ ಕುಸ್ವಾರಿನ ತಿಂಡಿಗಳಿಗೆಂದು ಅಕ್ಕಿ ನೆನೆಸಿದ್ದ ದಿನ ಶೋಭಿತ್‌ನ ಫೋನು. ಹೊಸ ಬೋರ್ಡು ಬಂದಿದೆ, ಸಣ್ಣ ಚಿಪ್ಪು ಬೇರೆ, ಅದರ ಭಾಷೆಯೂ ಬೇರೆ, ಬೂಟ್‌ಲೋಡರಿಗೆ ಮತ್ತೆ ಕಲಿಸಬೇಕು ಎಂದ.

"ಬರೆಯುವುದು ನಾವೇ ಬರೆಯುತ್ತೇವೆ ಅಕ್ಕ. ಟೆಸ್ಟ್ ಮಾತ್ರ ನಿಮ್ಮಲ್ಲಿ ಆಗಬೇಕು. ಆಫೀಸಿಗೇ ಒಂದು ಮಿಕ್ಸಿ ತಂದು ನೋಡಿದೆವು. ಯುಪಿಎಸ್‌ನಲ್ಲಿ ಎಂತದೂ ಅಲುಗುವುದಿಲ್ಲ. ಸೀಸನ್ನಿನಲ್ಲಿ ಬೋಟಿನವರು ಹತ್ತಿರ ಸೇರಿಸುವುದಿಲ್ಲ, ನಿಝಾರ್‌ನ ಕತೆ ಆದ ಮೇಲಂತೂ ಕೇಳುವುದೇ ಬೇಡ. ಸರ್ ಹೇಳಿದರು, ಲಿಡಿಯಾ ಮೇಡಂ ಮನೆಯೇ ಸರಿ ಅಂತ."

"ನನ್ನ ಮನೆ ಬೇಕು."

"ಹಾಗಲ್ಲ ಅಕ್ಕ. ನೀವೂ ಬೇಕು. ಈ ಸಲ ಹೆಸರು ನೂರಕ್ಕೆ ನೂರು ಹಾಕ್ತೇನೆ."

ಲಿಡಿಯಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಒಳಗೆ ಐರಿನ್ ಬಾಯಿ ಹೊಸ ಮಿಕ್ಸಿಯನ್ನು ಮೂಲೆಗೆ ಸರಿಸಿ, ಅಟ್ಟದ ಮೇಲಿಂದ ಹಳೆಯದನ್ನು ಇಳಿಸಿಕೊಂಡಿದ್ದರು. ಅಕ್ಕಿ ನುಣ್ಣಗಾಗಬೇಕಾದರೆ ಅದೇ ಆಗಬೇಕು ಅವರಿಗೆ. ನತಾಶಾ ನೆಲದಲ್ಲಿ ಕೂತು, ಪಪ್ಪನಿಗೆ ದೋಹಾಕ್ಕೆ ಕಳಿಸುವ ಡಬ್ಬಿಯ ಮೇಲೆ ನಕ್ಷತ್ರ ಬಿಡಿಸುತ್ತಿದ್ದಳು.

"ಮನೆಯಲ್ಲಿ ಈಗ ಆಗುವುದಿಲ್ಲ ಶೋಭಿತ್," ಎಂದಳು ಲಿಡಿಯಾ. ಅವಳ ದನಿ ಎಂದಿನಂತೆ ಮೆತ್ತಗೇ ಇತ್ತು. "ಹೊಸ ಮಿಕ್ಸಿ ಉಂಟಲ್ಲ, ನೀವೇ ಕೊಟ್ಟದ್ದು. ಅದರಲ್ಲಿ ಲೈಟು ಅಲುಗುವುದೇ ಇಲ್ಲ. ಒಳ್ಳೆ ಮೆಶಿನು."

ಆ ಕಡೆ ಶೋಭಿತ್ ದನಿ ತಗ್ಗಿಸಿದ.

"ಹಳೇದು ಎಂತ ಮಾಡಿದ್ರಿ ಅಕ್ಕ?"

"ಗುಜರಿಗೆ ಕೊಟ್ಟೆ."

ಅಷ್ಟು ಹೊತ್ತಿಗೆ ಐರಿನ್ ಬಾಯಿ ಗುಂಡಿ ತಿರುಗಿಸಿದರು. ಹಳೆ ಮಿಕ್ಸಿ ಗರ್ ಎಂದು ಕೂಗಿತು. ಬಲ್ಬು ಮಂಕಾಗಿ ಮತ್ತೆ ಹೊತ್ತಿಕೊಂಡಿತು.

"ಅದೆಂತ ಶಬ್ದ ಅಕ್ಕ?"

"ಅಕ್ಕಿ ಅರೆಯುವುದು," ಎಂದು ಲಿಡಿಯಾ ಫೋನ್ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಿಕ್ಸಿಯ ಮುಚ್ಚಳವನ್ನು ಎರಡು ಕೈಯಲ್ಲಿ ಒತ್ತಿ ಹಿಡಿಯಲು ಅತ್ತೆಯ ಪಕ್ಕ ಹೋಗಿ ನಿಂತಳು.